ಪೀಸ್ ಕೋರ್‌ಗೆ ದುಡ್ಡು ಕೊಡುವವರು ಯಾರು, ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಅಮೆರಿಕದ ಪೀಸ್ ಕೋರ್ ಬಗ್ಗೆ ಕಾಲೇಜಿಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಅಲ್ಲಿಯವರು ಸ್ವಯಂಸೇವಕರಾಗಿ ಬೇರೆ ದೇಶಕ್ಕೆ ಹೋಗಿ ಎರಡು ವರ್ಷ ದುಡಿಯುತ್ತಾರಂತೆ. ಸಂಬಳವೇ ಇಲ್ಲದ ಕೆಲಸಕ್ಕೆ ಸರ್ಕಾರದ ಹಣ ಯಾಕೆ ಬೇಕು?

ಉತ್ತರ: ಸಂಬಳ ಇಲ್ಲದಿದ್ದರೂ ಖರ್ಚು ಇದ್ದೇ ಇರುತ್ತದಲ್ವಾ? ತರಬೇತಿಯೂ ಸೇರಿ ಸಾಮಾನ್ಯವಾಗಿ 27 ತಿಂಗಳ ಸೇವೆ. ಅಷ್ಟೂ ದಿನ ವಿಮಾನದ ಟಿಕೆಟ್, ಭಾಷೆ ಕಲಿಸುವುದು, ಆಸ್ಪತ್ರೆ ಖರ್ಚು, ಸುತ್ತಲಿನ ಜನರ ಮಟ್ಟಕ್ಕೆ ಬದುಕಲು ಬೇಕಾದ ಭತ್ಯೆ ಎಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳಬೇಕು. ಸೇವೆ ಮುಗಿಸಿ ಬಂದವರಿಗೆ ಮತ್ತೆ ನೆಲೆ ನಿಲ್ಲಲು ಒಂದಿಷ್ಟು ಹಣವನ್ನೂ ಕೊಡುತ್ತಾರೆ.

ಇದನ್ನು ಅಮೆರಿಕದ ಸಂಸತ್ತು, ಅಂದರೆ ಅವರ ಕಾಂಗ್ರೆಸ್, ವಿದೇಶಾಂಗ ಖರ್ಚಿನ ಮಸೂದೆಯಲ್ಲಿ ವರ್ಷವರ್ಷವೂ ಮಂಜೂರು ಮಾಡುತ್ತದೆ. ಮೊತ್ತ ತೀರಾ ದೊಡ್ಡದಲ್ಲ. ಆ ಮಸೂದೆಯ ಒಟ್ಟು ಹಣದಲ್ಲಿ ಶೇ 1ಕ್ಕಿಂತ ಕಡಿಮೆ. 2016ರಿಂದ 2022ರವರೆಗೆ ವರ್ಷಕ್ಕೆ ಸುಮಾರು 41 ಕೋಟಿ ಡಾಲರ್‌ನಲ್ಲೇ ನಿಂತಿತ್ತು. 2023ರಲ್ಲಿ 43 ಕೋಟಿಗೆ ಏರಿತು. ಆ ವರ್ಷಗಳಲ್ಲಿ ಅಂಕಿ ಇಳಿಯಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಬೆಲೆ ಏರುತ್ತಿರುವಾಗ ಅಷ್ಟೇ ಹಣ ಕೊಡುತ್ತಾ ಹೋದರೆ ಅದು ಕಡಿತವೇ. ನಿಮ್ಮ ಪ್ರಬಂಧದಲ್ಲಿ ಈ ಮಾತು ಖಂಡಿತ ಬರಲಿ.

ಇನ್ನೊಂದು ವಿಷಯವಿದೆ. ಅಲ್ಲಿ ಒಂದು ಕಾನೂನು ಕಾರ್ಯಕ್ರಮಕ್ಕೆ ಇಂತಿಷ್ಟು ವರ್ಷ ಹಣ ಕೊಡಬಹುದು ಎಂದು ಅನುಮತಿ ನೀಡುತ್ತದೆ. ಇನ್ನೊಂದು ಕಾನೂನು ಹಣವನ್ನೇ ನೀಡುತ್ತದೆ. ಪೀಸ್ ಕೋರ್‌ಗೆ 1999ರಲ್ಲಿ ಸಿಕ್ಕ ಅನುಮತಿ 2003ಕ್ಕೆ ಮುಗಿಯಿತು. ಅದಾದ ಮೇಲೆ ಇಪ್ಪತ್ತು ವರ್ಷ ಕಳೆದರೂ ಹೊಸ ಅನುಮತಿ ಸಿಗಲಿಲ್ಲ, ಹಣ ಮಾತ್ರ ಪ್ರತಿ ವರ್ಷ ಬಂತು. ಇದರಿಂದ ತೊಂದರೆ ಏನು ಅಂದರೆ, ಇಡೀ ಕಾರ್ಯಕ್ರಮವನ್ನು ಕೂತು ಚರ್ಚಿಸುವ ಸಂದರ್ಭವೇ ಸಂಸತ್ತಿಗೆ ತಪ್ಪಿಹೋಗುತ್ತದೆ.

ಪ್ರಶ್ನೆ: ಸರ್ಕಾರದ ಹಣ ಅಂದಮೇಲೆ ಸರ್ಕಾರ ಹೇಳಿದಂತೆ ಕೇಳಲೇಬೇಕಲ್ಲ? ಇವರು ಗೂಢಚಾರರು ಎನ್ನುವ ಮಾತನ್ನೂ ಕೇಳಿದ್ದೇನೆ.

ಉತ್ತರ: ಈ ಅನುಮಾನ ಸಂಸ್ಥೆ ಹುಟ್ಟಿದ ದಿನದಿಂದಲೂ ಇದೆ. ಅಧ್ಯಕ್ಷ ಕೆನಡಿ 1961ರ ಮಾರ್ಚ್ 1ರಂದು ಒಂದು ಆದೇಶದಿಂದ ಇದನ್ನು ಶುರು ಮಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಕಾನೂನೂ ಬಂತು. ಇದನ್ನು ವಿದೇಶಿ ನೆರವಿನ ದೊಡ್ಡ ಇಲಾಖೆಯ ಒಳಗೆ ಸೇರಿಸಬೇಕು ಎಂದು ಅಧಿಕಾರಿಗಳು ಪಟ್ಟು ಹಿಡಿದಿದ್ದರು. ಮೊದಲ ನಿರ್ದೇಶಕ ಸಾರ್ಜೆಂಟ್ ಶ್ರೈವರ್ ಒಪ್ಪಲಿಲ್ಲ. ಆಗಿನ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಶ್ರೈವರ್ ಬೆಂಬಲಕ್ಕೆ ನಿಂತರು. ಕೊನೆಗೆ ಪ್ರತ್ಯೇಕತೆ ಉಳಿಯಿತು.

ಆದರೆ 1971ರಲ್ಲಿ ನಿಕ್ಸನ್ ಸರ್ಕಾರ ಅದನ್ನು ‘ಆ್ಯಕ್ಷನ್’ ಎಂಬ ಇನ್ನೊಂದು ಸಂಸ್ಥೆಯ ಒಳಗೆ ಸೇರಿಸಿಬಿಟ್ಟಿತು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆದೇಶದಿಂದ ಸ್ವಾಯತ್ತತೆ ಮರಳಿತು, 1981ರಲ್ಲಿ ಕಾನೂನೇ ಅದನ್ನು ಸ್ವತಂತ್ರ ಸಂಸ್ಥೆ ಮಾಡಿತು. ಆದೇಶವನ್ನು ಮುಂದಿನ ಅಧ್ಯಕ್ಷರು ಇನ್ನೊಂದು ಆದೇಶದಿಂದ ಅಳಿಸಬಹುದು. ಕಾನೂನನ್ನು ಅಷ್ಟು ಸುಲಭವಾಗಿ ಅಳಿಸಲಾಗದು.

ಗೂಢಚಾರರ ವಿಷಯಕ್ಕೆ ಬಂದರೆ, ಸಿಐಎಯಲ್ಲಿ ಕೆಲಸ ಮಾಡಿದವರನ್ನು ಸ್ವಯಂಸೇವಕರಾಗಿ ತೆಗೆದುಕೊಳ್ಳಬಾರದು ಎಂಬ ಕಟ್ಟುನಿಟ್ಟಿನ ನಿಯಮವೇ ಇದೆ. ಅದು ಸರಿಯಾದ ನಿಯಮ. ಸ್ವಯಂಸೇವಕರ ಮೇಲೆ ಹಳ್ಳಿಯವರಿಗೆ ನಂಬಿಕೆ ಇಲ್ಲದಿದ್ದರೆ ಆ ಕೆಲಸ ಒಂದು ದಿನವೂ ನಡೆಯುವುದಿಲ್ಲ.

ಹಾಗಂತ ಸಂಪೂರ್ಣ ಸ್ವಾತಂತ್ರ್ಯ ಇದೆ ಅಂತಲೂ ಅಲ್ಲ. ನಿರ್ದೇಶಕರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಹಣದ ಮಸೂದೆಯಲ್ಲಿ ಸಂಸತ್ತು ಷರತ್ತುಗಳನ್ನೂ ಸೇರಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಸ್ವಯಂಸೇವಕಿಯರ ಗರ್ಭಪಾತಕ್ಕೆ ಈ ಹಣ ಬಳಸಬಾರದು ಎಂಬ ಷರತ್ತು ದಶಕಗಳ ಕಾಲ ಇತ್ತು. ಅತ್ಯಾಚಾರಕ್ಕೆ ಒಳಗಾದವರಿಗೂ ವಿನಾಯಿತಿ ಇರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಒಪ್ಪಿದ ಬಜೆಟ್‌ನಲ್ಲಷ್ಟೇ ಆ ವಿನಾಯಿತಿ ಬಂತು. ಮಸೂದೆಯ ಒಂದು ಸಾಲು ದೂರದ ಹಳ್ಳಿಯಲ್ಲಿರುವ ಹೆಣ್ಣುಮಗಳ ಬದುಕನ್ನು ಹೀಗೆ ಮುಟ್ಟುತ್ತದೆ. ಮೇಲ್ವಿಚಾರಣೆ ಅಂದರೆ ಬರೀ ಆಡಿಟ್ ಎಂದುಕೊಂಡವರು ಇದನ್ನು ಗಮನಿಸಬೇಕು.

ಪ್ರಶ್ನೆ: ಭಾರತಕ್ಕೂ ಬಂದಿದ್ದರಾ?

ಉತ್ತರ: ಬಂದಿದ್ದರು. 1961ರಿಂದ 1976ರವರೆಗೆ 4,000ಕ್ಕೂ ಜಾಸ್ತಿ ಜನ ಇಲ್ಲಿ ಕೆಲಸ ಮಾಡಿದರು. ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ತಮ್ಮ ಇಳಿವಯಸ್ಸಿನಲ್ಲಿ ಮುಂಬೈ ಬಳಿಯ ವಿಕ್ರೋಲಿಯಲ್ಲಿ ನರ್ಸ್ ಆಗಿ ಸೇವೆ ಮಾಡಿದ್ದರು. ಯಾವುದೇ ದೇಶ ಆಹ್ವಾನಿಸಿದರೆ ಮಾತ್ರ ಸ್ವಯಂಸೇವಕರು ಅಲ್ಲಿಗೆ ಹೋಗುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಮೇಲ್ವಿಚಾರಣೆಯಿಂದ ಸ್ವಯಂಸೇವಕರಿಗೆ ಏನಾದರೂ ಉಪಯೋಗ ಆಗಿದೆಯಾ? ಅಥವಾ ಸುಮ್ನೆ ಕಾಗದದ ಕೆಲಸವಾ?

ಉತ್ತರ: ಉಪಯೋಗ ಆಗಿದೆ. ಆದರೆ ಅದಕ್ಕೆ ಸ್ವಯಂಸೇವಕರೇ ಬಾಯಿ ಬಿಡಬೇಕಾಯಿತು.

ವ್ಯವಸ್ಥೆ ಮೊದಲೇ ಇತ್ತು. ಸಂಸ್ಥೆಯೊಳಗೆ 1989ರಿಂದ ಅದರ ಕೆಲಸ, ಲೆಕ್ಕವನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇದೆ, ಅದು ಸಂಸತ್ತಿಗೆ ಆರು ತಿಂಗಳಿಗೊಮ್ಮೆ ವರದಿ ಕೊಡುತ್ತದೆ. ಹೊರಗಿನಿಂದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ನೋಡುತ್ತದೆ. ಎರಡೂ ಸದನಗಳ ವಿದೇಶಾಂಗ ಸಮಿತಿಗಳು ವಿಚಾರಣೆ ನಡೆಸಬಹುದು. ಇಷ್ಟಿದ್ದರೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸ್ವಯಂಸೇವಕಿಯರ ದೂರುಗಳಿಗೆ ಬೆಲೆ ಸಿಗುತ್ತಿರಲಿಲ್ಲ. ತಪ್ಪು ನಿಮ್ಮದೇ ಎನ್ನುವಂಥ ಮಾತು ಕೇಳಬೇಕಾಯಿತು ಎಂದು ಕೆಲವರು ಹೇಳಿದರು. 2009ರಲ್ಲಿ ಬೆನಿನ್ ದೇಶದಲ್ಲಿ ಒಬ್ಬ ಯುವ ಸ್ವಯಂಸೇವಕಿಯ ಕೊಲೆಯಾಯಿತು. ಅಲ್ಲಿಯ ಒಬ್ಬ ಸಿಬ್ಬಂದಿ ವಿದ್ಯಾರ್ಥಿನಿಯರಿಗೆ ಕಿರುಕುಳ ಕೊಡುತ್ತಿದ್ದಾನೆ ಎಂದು ಆಕೆ ಗುಟ್ಟಾಗಿ ದೂರು ಕೊಟ್ಟಿದ್ದಳು. 2011ರಲ್ಲಿ ಆಕೆಯ ತಾಯಿ ಮತ್ತು ಕೆಲವು ಮಾಜಿ ಸ್ವಯಂಸೇವಕಿಯರು ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಅದೇ ವರ್ಷ ಹೊಸ ಕಾನೂನು ಬಂತು. ದೂರು ಕೊಟ್ಟವರ ಹೆಸರು ಗುಟ್ಟಾಗಿಡುವುದು, ಸಂತ್ರಸ್ತರ ಪರ ನಿಲ್ಲಲು ಬೇರೆ ಕಚೇರಿ, ಎಲ್ಲರಿಗೂ ತರಬೇತಿ, ಇವೆಲ್ಲ ಕಡ್ಡಾಯವಾದವು. 2018ರಲ್ಲಿ ಇನ್ನೊಂದು ಕಾನೂನು ಸ್ವಯಂಸೇವಕರ ವೈದ್ಯಕೀಯ ಆರೈಕೆಯನ್ನು ಬಿಗಿ ಮಾಡಿತು. ಅದರ ಹಿಂದೆಯೂ ಒಂದು ಸಾವಿತ್ತು.

ಈ ಕ್ರಮ ನನಗೆ ನೋವು ಕೊಡುತ್ತದೆ. ಮೊದಲು ಜೀವ ಹೋಗುತ್ತದೆ, ಆಮೇಲೆ ಕಾನೂನು ಬರುತ್ತದೆ. ಹಣದ ಲೆಕ್ಕ ಕೇಳುವಷ್ಟು ಚುರುಕಾಗಿ ಸುರಕ್ಷತೆಯ ಲೆಕ್ಕವನ್ನೂ ಕೇಳಬೇಕಿತ್ತು. ಎಷ್ಟು ಜನರನ್ನು ಕಳಿಸಿದಿರಿ ಎಂದು ಕೇಳುವುದು ಸುಲಭ. ಕಳಿಸಿದವರನ್ನು ಹೇಗೆ ನೋಡಿಕೊಂಡಿರಿ ಎಂದು ಕೇಳಲು ಅವರ ಜೊತೆಯೇ ಕೂತು ಮಾತಾಡಬೇಕು.

ಪ್ರಬಂಧಕ್ಕೆ ಎರಡು ದಾಖಲೆ ಓದಿ. ಒಂದು, ಸಂಸ್ಥೆ ಪ್ರತಿ ವರ್ಷ ಸಂಸತ್ತಿಗೆ ಕೊಡುವ ಬಜೆಟ್ ಸಮರ್ಥನೆ. ಇನ್ನೊಂದು, ಇನ್‌ಸ್ಪೆಕ್ಟರ್ ಜನರಲ್ ವರದಿ. ಎರಡೂ ಸಾರ್ವಜನಿಕರಿಗೆ ಸಿಗುತ್ತವೆ. ಎರಡನೆಯದರಲ್ಲಿ ಇನ್ನೂ ಜಾರಿಯಾಗದ ಶಿಫಾರಸುಗಳ ಪಟ್ಟಿಯಿಂದಲೇ ಶುರು ಮಾಡಿ.