ಫ್ರೀಲಾನ್ಸ್ ಸಿನಿಮಾ ಪತ್ರಕರ್ತರಿಗೆ ದುಡ್ಡು ಬರೋದು ಎಲ್ಲಿಂದ?

ಸಿನಿಮಾ, ಸೀರಿಯಲ್, ಒಟಿಟಿ ಬಗ್ಗೆ ಸ್ವಂತವಾಗಿ ಬರೆಯುವವರು, ವಿಡಿಯೊ ಮಾಡುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಹೆಚ್ಚುಕಮ್ಮಿ ಎಲ್ಲರೂ ಕೇಳಿದ್ದಾರೆ. ಗಾಂಧಿನಗರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಹಾಕಿಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ಟಿವಿ ಚಾನೆಲ್‌ನ ಸಿನಿಮಾ ಡೆಸ್ಕ್‌ನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ನನ್ನದೇ ಯೂಟ್ಯೂಬ್ ಚಾನೆಲ್ ಇದೆ, 3,200 ಸಬ್‌ಸ್ಕ್ರೈಬರ್ಸ್ ಇದ್ದಾರೆ. ಕೆಲಸ ಬಿಟ್ಟು ಫ್ರೀಲಾನ್ಸ್ ಮಾಡೋಣ ಅಂತಿದ್ದೇನೆ. ಮನೆ ಬಾಡಿಗೆ ಕಟ್ಟುವಷ್ಟಾದರೂ ಆಗುತ್ತಾ? ಪ್ರೆಸ್‌ಮೀಟ್‌ಗೆ ಆಮೇಲೂ ಕರೀತಾರಾ ಮೇಡಂ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಕರೀತಾರೆ. ಸಿನಿಮಾ ತಂಡದ ಪ್ರಚಾರ ನೋಡಿಕೊಳ್ಳುವ ಪಿಆರ್‌ಒಗಳಿಗೆ ನಿಮ್ಮ ಮುಖ ಗೊತ್ತು, ನಂಬರ್ ಅವರ ಗ್ರೂಪ್‌ನಲ್ಲಿದೆ. ಆದರೆ ಇನ್ನು ಮುಂದೆ ಪ್ರತಿಯೊಂದಕ್ಕೂ ಹೋಗಬೇಕಾ ಅನ್ನೋದನ್ನು ಯೋಚಿಸಿ.

ಪ್ರೆಸ್‌ಮೀಟ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಆಹ್ವಾನದಲ್ಲಿ 4 ಗಂಟೆ ಅಂತ ಇರುತ್ತದೆ, ಹೀರೊ ಬರೋದು ಆರಕ್ಕೆ. ಟೇಬಲ್ ಮೇಲೆ ಲೋಗೋ ಮೈಕ್‌ಗಳ ಸಾಲು, ಹಿಂದೆ ಟ್ರೈಪಾಡ್‌ಗಳ ನೂಕುನುಗ್ಗಲು. ನಿರ್ದೇಶಕರು ಕಥೆ ಬಿಟ್ಟುಕೊಡೋದಿಲ್ಲ. ನಾಯಕಿ ‘ತುಂಬಾ ಡಿಫರೆಂಟ್ ಪಾತ್ರ’ ಅನ್ನುತ್ತಾರೆ. ನಿರ್ಮಾಪಕರು ‘ಎಲ್ಲರೂ ಸಪೋರ್ಟ್ ಮಾಡಿ’ ಅಂತ ಕೈ ಮುಗಿಯುತ್ತಾರೆ. ನೀವು ಮನೆ ಸೇರುವ ಹೊತ್ತಿಗೆ ಅದೇ ಸುದ್ದಿ ಸ್ಟಿಲ್ಸ್ ಸಮೇತ ವಾಟ್ಸಾಪ್‌ಗೆ ಬಂದಿರುತ್ತದೆ. ಸಂಬಳದಲ್ಲಿದ್ದಾಗ ಆ ಅರ್ಧ ದಿನಕ್ಕೆ ಆಫೀಸು ದುಡ್ಡು ಕೊಡುತ್ತಿತ್ತು. ಇನ್ನು ಆ ಅರ್ಧ ದಿನ ನಿಮ್ಮದು. ಎಲ್ಲರ ಹತ್ತಿರವೂ ಇರುವ ಸುದ್ದಿಯನ್ನು ನಿಮ್ಮಿಂದ ದುಡ್ಡು ಕೊಟ್ಟು ಯಾರು ತಗೋತಾರೆ?

ತಗೊಳ್ಳೋದು ಬೇರೆಯವರ ಹತ್ತಿರ ಇಲ್ಲದ್ದನ್ನು. ಕನ್ನಡ ಸಿನಿಮಾದ ತೆಲುಗು, ಹಿಂದಿ ಡಬ್ಬಿಂಗ್ ಸಂಭಾಷಣೆ ಬರೆಯೋರು ಯಾರು, ಅವರು ಹೇಗೆ ಕೆಲಸ ಮಾಡುತ್ತಾರೆ? ಜಿಲ್ಲಾ ಕೇಂದ್ರದಲ್ಲಿ ಮುಚ್ಚಿದ ಸಿಂಗಲ್ ಸ್ಕ್ರೀನ್‌ನ ಆಪರೇಟರ್ ಈಗ ಏನು ಮಾಡುತ್ತಿದ್ದಾರೆ? ಒಟಿಟಿಯವರು ಮುಂಗಡವಾಗಿ ಖರೀದಿಸದೆ ಹೋದಾಗ ಸಣ್ಣ ನಿರ್ಮಾಪಕ ಬಡ್ಡಿ ಕಟ್ಟೋದು ಹೇಗೆ? ಇಂಥದ್ದಕ್ಕೆ ಸಂಪಾದಕರು ಫೋನ್ ಎತ್ತುತ್ತಾರೆ. 2018ರ ಕೆಜಿಎಫ್, 2022ರ ಕಾಂತಾರ ಬಂದ ಮೇಲೆ ಹೊರಗಿನ ಇಂಗ್ಲಿಷ್, ಹಿಂದಿ ಪೋರ್ಟಲ್‌ಗಳಿಗೂ ಕನ್ನಡ ಚಿತ್ರರಂಗದ ಬಗ್ಗೆ ಕುತೂಹಲ ಜಾಸ್ತಿಯಾಗಿದೆ. ಇಲ್ಲಿನ ಒಳಗುಟ್ಟು ಗೊತ್ತಿದ್ದು ಇಂಗ್ಲಿಷ್‌ನಲ್ಲೂ ನೆಟ್ಟಗೆ ಬರೆಯುವವರು ಕಡಿಮೆ. ನಿಮಗೆ ಅದು ಬರುತ್ತೆ ಅಂದರೆ ಅಲ್ಲಿಂದಲೇ ಶುರು ಮಾಡಿ. ಬೇಜಾರಿನ ಮಾತು, ಆದರೂ ಹೇಳುತ್ತೇನೆ: ಒಂದೇ ಲೇಖನಕ್ಕೆ ಕನ್ನಡದಲ್ಲಿ ಸಿಗೋದು ಇಂಗ್ಲಿಷ್‌ಗಿಂತ ಕಡಿಮೆ.

ಈಗ ಚಾನೆಲ್. ಜಾಹೀರಾತು ಹಣದಲ್ಲಿ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಸಾಕು, ಅದು ನಿಮಗಿದೆ. ಅದರ ಜೊತೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಆಗಿರಬೇಕು. ದೊಡ್ಡ ವಿಡಿಯೊದ ಜಾಹೀರಾತಿನಲ್ಲಿ ನಿಮ್ಮ ಪಾಲು 55%, ಶಾರ್ಟ್ಸ್‌ನಲ್ಲಿ 45%. ಶಾರ್ಟ್ಸ್‌ನಿಂದ ಹೆಸರು ಬರುತ್ತದೆ, ಬಾಡಿಗೆ ಹುಟ್ಟೋದು ಕಷ್ಟ. ಪಿಆರ್‌ಒ ಕಳಿಸಿದ ಕ್ಲಿಪ್‌ಗಳನ್ನೇ ಜೋಡಿಸಿ ಮೇಲೊಂದು ಕಂಪ್ಯೂಟರ್ ದನಿ ಹಾಕುವವರನ್ನು ನೋಡಿ ಆ ದಾರಿ ಹಿಡಿಯಬೇಡಿ. ಒಂದೇ ಅಚ್ಚಿನಲ್ಲಿ ತೆಗೆದ, ಬೇರೆಯವರದನ್ನು ಮರುಬಳಸಿದ ವಿಡಿಯೊಗಳಿಗೆ ಯೂಟ್ಯೂಬ್ ದುಡ್ಡು ಕೊಡೋದಿಲ್ಲ. 2025ರ ಜುಲೈನಲ್ಲಿ ಆ ನಿಯಮವನ್ನು ಇನ್ನಷ್ಟು ಬಿಡಿಸಿ ಹೇಳಿದೆ.

ಇನ್ನೊಂದು ವಿಷಯ ತುಂಬ ಜನ ಮರೆಯುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರು ನಿಮ್ಮ ವಿಡಿಯೊ ನೋಡುತ್ತಾರಲ್ವಾ, ಆ ವೀಕ್ಷಣೆಯಿಂದ ಬಂದ ಹಣಕ್ಕೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಯೂಟ್ಯೂಬ್ ಹಣ ಬರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ ಡಬ್ಲ್ಯು-8ಬೆನ್ ಅನ್ನೋ ತೆರಿಗೆ ಫಾರ್ಮ್ ತುಂಬಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ದರ ಕೇಳಿದರೆ ಆ ಭಾಗಕ್ಕೆ ಮಾತ್ರ 15%. ತುಂಬದೇ ಬಿಟ್ಟರೆ ಎಲ್ಲ ದೇಶದ ಗಳಿಕೆಯ ಮೇಲೂ 24%ವರೆಗೆ ಹೋಗಬಹುದು. ಹತ್ತು ನಿಮಿಷದ ಕೆಲಸ.

ಬಾಡಿಗೆ ವಿಷಯಕ್ಕೆ ಬರೋಣ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ತಿಂಗಳಿಗೆ ಇಷ್ಟು ಲೇಖನ ಅಂತ ತಗೊಳ್ಳೋ ಎರಡು ಕಡೆಯಾದರೂ ಮೊದಲೇ ಮಾತಾಗಿರಲಿ. ಅಲ್ಲಿಯವರೆಗೆ ರಾಜೀನಾಮೆ ಬೇಡ. ನಿಮ್ಮ ನೇಮಕಾತಿ ಪತ್ರವನ್ನೂ ತೆಗೆದು ಓದಿ. ಕೆಲಸದಲ್ಲಿದ್ದಾಗ ಮಾಡಿದ ಸ್ವಂತ ವಿಡಿಯೊಗಳ ಬಗ್ಗೆ ಅದರಲ್ಲೊಂದು ಸಾಲು ಇದ್ದರೂ ಇರಬಹುದು.

ಸಬ್‌ಟೈಟಲ್, ಪಾಡ್‌ಕಾಸ್ಟ್ ಸ್ಕ್ರಿಪ್ಟ್, ಕಾರ್ಯಕ್ರಮದ ನಿರೂಪಣೆ, ಸಿನಿಮಾ ತಂಡಕ್ಕೆ ಪ್ರೆಸ್‌ನೋಟ್ ಬರೆಯೋದು, ಇದರಲ್ಲೆಲ್ಲ ದುಡ್ಡಿದೆ, ಮಾಡಿ. ಒಂದೇ ಷರತ್ತು. ಯಾವ ಸಿನಿಮಾಕ್ಕೆ ಪ್ರೆಸ್‌ನೋಟ್ ಬರೆದಿರೋ ಅದರ ವಿಮರ್ಶೆ ಮಾಡಬೇಡಿ. ಆ ವಾರ ಬೇರೆ ಸಿನಿಮಾ ನೋಡಿ. ಸಿನಿಮಾ ತಂಡದಿಂದ ಬರೋ ದುಡ್ಡು, ಓದುಗರ ಪರವಾಗಿ ಬರೆದದ್ದಕ್ಕೆ ಬರೋ ದುಡ್ಡು, ಎರಡಕ್ಕೂ ಬೇರೆ ಬೇರೆ ಪಟ್ಟಿ ಇಟ್ಟುಕೊಳ್ಳಿ. ಒಂದೇ ಸಿನಿಮಾದ ಹೆಸರು ಎರಡೂ ಕಡೆ ಕಾಣಿಸಬಾರದು.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಸಿನಿಮಾ ರಿವ್ಯೂ ಮಾಡುತ್ತೇನೆ. ಮುಂದಿನ ವಾರ ಬಿಡುಗಡೆಯಾಗುವ ಚಿತ್ರದ ಕಡೆಯವರು ದುಡ್ಡು ಕೊಡುತ್ತೇವೆ, ಮೊದಲ ಶೋ ಮುಗಿದ ತಕ್ಷಣ ‘ಪಬ್ಲಿಕ್ ರಿವ್ಯೂ’ ಥರ ಚೆನ್ನಾಗಿದೆ ಅಂತ ಹೇಳಿ ಅಂತಿದ್ದಾರೆ. ಎಲ್ಲರೂ ಮಾಡ್ತಾರೆ ಅನ್ನುತ್ತಾರೆ. ‘ಜಾಹೀರಾತು’ ಅಂತ ಹಾಕಲೇಬೇಕಾ?

ಸಿನಿಮಾ ನೋಡುವ ಮುಂಚೆಯೇ ಚೆನ್ನಾಗಿದೆ ಅಂತ ಹೇಳಲು ನಿಮ್ಮನ್ನು ಒಪ್ಪಿಸುತ್ತಿದ್ದಾರೆ. ಇದು ರಿವ್ಯೂ ಅಲ್ಲ, ಜಾಹೀರಾತು. ಜಾಹೀರಾತು ಮಾಡೋದು ತಪ್ಪಲ್ಲ. ರಿವ್ಯೂ ವೇಷ ಹಾಕಿಸೋದು ತಪ್ಪು.

ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ. ದುಡ್ಡೇ ಆಗಬೇಕಿಲ್ಲ, ಉಡುಗೊರೆ, ಪ್ರವಾಸ, ಹೋಟೆಲ್ ವಾಸ ಏನೇ ಪಡೆದಿದ್ದರೂ ಹೇಳಬೇಕು. ಹೇಳೋದು ಕಣ್ಣಿಗೆ ಬೀಳಬೇಕು. ಕ್ಯಾಪ್ಷನ್‌ನ ಕೊನೆಯಲ್ಲಿ ಮೂವತ್ತು ಹ್ಯಾಶ್‌ಟ್ಯಾಗ್ ನಡುವೆ ಬಚ್ಚಿಟ್ಟರೆ ಲೆಕ್ಕಕ್ಕಿಲ್ಲ. 15 ಸೆಕೆಂಡಿಗಿಂತ ಚಿಕ್ಕ ವಿಡಿಯೊ ಆದರೆ ಕನಿಷ್ಠ 3 ಸೆಕೆಂಡ್ ‘ಜಾಹೀರಾತು’ ಅನ್ನೋ ಬರಹ ಕಾಣಬೇಕು. 2 ನಿಮಿಷದೊಳಗಿನ ವಿಡಿಯೊದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು. ಅದಕ್ಕಿಂತ ಉದ್ದದ್ದಾದರೆ ಪ್ರಚಾರದ ಮಾತು ನಡೆಯುವಷ್ಟೂ ಹೊತ್ತು. ಕನ್ನಡ ವಿಡಿಯೊಗೆ ಕನ್ನಡದಲ್ಲೇ ‘ಜಾಹೀರಾತು’ ಅಂತ ಹಾಕಬಹುದು. ಇನ್‌ಸ್ಟಾಗ್ರಾಂನ ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ಲನ್ನೂ ಒತ್ತಿ.

ಎಎಸ್‌ಸಿಐ ಸ್ವಯಂ ನಿಯಂತ್ರಣದ ಸಂಸ್ಥೆ ಅಂತ ಕೆಲವರು ಹಗುರವಾಗಿ ನೋಡುತ್ತಾರೆ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಹಗುರವಲ್ಲ. ದಾರಿ ತಪ್ಪಿಸುವ ಪ್ರಚಾರ ಮಾಡಿದವರಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದರಲ್ಲಿದೆ.

‘ಎಲ್ಲರೂ ಮಾಡ್ತಾರೆ’ ಅನ್ನೋದರ ಇನ್ನೊಂದು ಬದಿ ನೋಡಿ. ದುಡ್ಡು ಕೊಟ್ಟವರಿಗೆ ಹೊಗಳಿಕೆ, ಕೊಡದವರಿಗೆ ಬೈಗುಳ ಅನ್ನೋ ಅನುಮಾನ ಬೆಳೆದದ್ದರಿಂದಲೇ ನಿರ್ಮಾಪಕರು ಕೋರ್ಟ್ ಹತ್ತುತ್ತಿದ್ದಾರೆ. ಕೇರಳ ಹೈಕೋರ್ಟ್ ತನಗೆ ಸಲಹೆ ಕೊಡಲು ನೇಮಿಸಿದ್ದ ವಕೀಲರು (ಅಮಿಕಸ್ ಕ್ಯೂರಿ) 2024ರಲ್ಲಿ, ಬಿಡುಗಡೆಯಾದ 48 ಗಂಟೆವರೆಗೆ ವ್ಲಾಗರ್‌ಗಳು ರಿವ್ಯೂ ಮಾಡದಿರಲಿ ಅಂತ ಸಲಹೆ ಕೊಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮೊದಲ ಮೂರು ದಿನ ರಿವ್ಯೂ ಬೇಡ ಅಂತ ತಮಿಳು ನಿರ್ಮಾಪಕರು ಕೇಳಿದ್ದನ್ನು ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಪ್ರಾಮಾಣಿಕವಾಗಿ ಬೈಯುವವರ ಹಕ್ಕು ಸದ್ಯ ಉಳಿದಿದೆ. ಸುಳ್ಳು ‘ಪಬ್ಲಿಕ್ ರಿವ್ಯೂ’ ಮಾಡುವವರು ಅದನ್ನೂ ಕಳೆಯುತ್ತಾರೆ ಅನ್ನೋದು ನನ್ನ ಸಿಟ್ಟು.

ನಿಮಗೆ ಹಣದ ಅಗತ್ಯ ಇದ್ದರೆ ಅವರಿಗೆ ಹೀಗೆ ಹೇಳಿ: ‘ಬಿಡುಗಡೆಗೆ ಮುಂಚೆ ಕಲಾವಿದರ ಸಂದರ್ಶನ ಮಾಡುತ್ತೇನೆ, ಜಾಹೀರಾತು ಅಂತ ಹಾಕುತ್ತೇನೆ, ಇಷ್ಟು ಆಗುತ್ತದೆ. ರಿವ್ಯೂ ಮಾಡೋದಿಲ್ಲ.’ ಒಪ್ಪಿದರೆ ಸರಿ. ಒಪ್ಪದಿದ್ದರೆ ಅವರಿಗೆ ಬೇಕಿದ್ದದ್ದು ಏನು ಅಂತ ನಿಮಗೇ ತಿಳಿಯುತ್ತದೆ. ಅಂದಹಾಗೆ, ಫೋನು, ವಾಚು ಕೊಟ್ಟು ಇಟ್ಟುಕೊಳ್ಳಿ ಅಂದರೆ ಅದೂ ಆದಾಯವೇ. ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರು 10% ಟಿಡಿಎಸ್, ಅಂದರೆ ನಿಮ್ಮ ಹೆಸರಿನಲ್ಲಿ ಮುಂಗಡ ತೆರಿಗೆ, ಕಟ್ಟಬೇಕು. 2022ರ ಜುಲೈನಿಂದ ಈ ನಿಯಮ ಇದೆ.

ಪ್ರಶ್ನೆ: ರಿವ್ಯೂನಲ್ಲಿ ಟ್ರೈಲರ್‌ನ 20 ಸೆಕೆಂಡ್ ಹಾಕಿದ್ದೆ. ಸ್ಟ್ರೈಕ್ ಬಂದಿದೆ ಅಂತ ಅನಿಸುತ್ತೆ. ಚಾನೆಲ್ ಹೋಗುತ್ತಾ?

ಮೊದಲು ಅದು ಕ್ಲೈಮಾ, ಸ್ಟ್ರೈಕಾ ನೋಡಿ. ಕ್ಲೈಮ್ ಆದರೆ ಸಾಮಾನ್ಯವಾಗಿ ಆ ವಿಡಿಯೊದ ದುಡ್ಡು ಆಡಿಯೊ ಕಂಪನಿಗೋ ನಿರ್ಮಾಪಕರಿಗೋ ಹೋಗುತ್ತದೆ, ಅಷ್ಟೇ. ಸ್ಟ್ರೈಕ್ ಆದರೆ ವಿಡಿಯೊ ತೆಗೆದಿರುತ್ತಾರೆ. ಕಾಪಿರೈಟ್ ಪಾಠ ಮುಗಿಸಿದರೆ 90 ದಿನಕ್ಕೆ ಅದು ಕಳೆಯುತ್ತದೆ. ಅಷ್ಟರೊಳಗೆ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ.

ವಿಮರ್ಶೆಗೆ, ಸದ್ಯದ ಸುದ್ದಿ ಹೇಳೋದಕ್ಕೆ ಸ್ವಲ್ಪ ಭಾಗ ಬಳಸಬಹುದು ಅಂತ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇಷ್ಟು ಸೆಕೆಂಡ್ ತನಕ ಓಕೆ ಅನ್ನೋ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ಹತ್ತು ಸೆಕೆಂಡ್ ನಡೆಯುತ್ತೆ ಅಂತ ಯಾರಾದರೂ ಹೇಳಿದ್ದರೆ ಅದು ಸುಮ್ನೆ ಬಾಯಿ ಮಾತು. ದೂರು ಸರಿಯಿಲ್ಲ ಅಂತ ಯೂಟ್ಯೂಬ್‌ಗೆ ಕೌಂಟರ್ ನೋಟಿಫಿಕೇಶನ್ ಹಾಕಬಹುದು, ಆದರೆ ನಿಮ್ಮ ಹೆಸರು, ವಿಳಾಸ ದೂರು ಕೊಟ್ಟವರಿಗೆ ಹೋಗುತ್ತದೆ. ಅದಕ್ಕಿಂತ ಪಿಆರ್‌ಒಗೆ ಒಂದು ಫೋನ್ ಮಾಡಿ. ಬಹಳ ಸಲ ಸ್ಟ್ರೈಕ್ ಹಾಕಿರೋದು ಸಿನಿಮಾ ತಂಡ ನೇಮಿಸಿದ ಬೇರೆ ಏಜೆನ್ಸಿ, ಪಿಆರ್‌ಒಗೇ ಗೊತ್ತಿರೋದಿಲ್ಲ. ಮುಂದಿನ ಸಲದಿಂದ ಟ್ರೈಲರ್ ಬಳಸಲು ಇಮೇಲ್‌ನಲ್ಲೇ ಒಪ್ಪಿಗೆ ಪಡೆದುಕೊಳ್ಳಿ. ಹಾಡಿನ ತಂಟೆಗಂತೂ ಹೋಗಬೇಡಿ.

ಪ್ರಶ್ನೆ: ಒಂದು ಪೋರ್ಟಲ್‌ಗೆ ಬರೆದ ಲೇಖನಗಳ ದುಡ್ಡು ಐದು ತಿಂಗಳಿಂದ ಬಂದಿಲ್ಲ. ಕೇಳಿದರೆ ‘ಅಕೌಂಟ್ಸ್‌ನಲ್ಲಿದೆ’ ಅಂತಾರೆ. ಬಂದಷ್ಟರಲ್ಲೂ 10% ಹಿಡಿದಿದ್ದಾರೆ. ಏನು ಮಾಡಲಿ?

ಆ 10% ಕಳೆದುಹೋಗಿಲ್ಲ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ವೃತ್ತಿ ಶುಲ್ಕಕ್ಕೆ ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ 20%. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಅದು ನಿಮ್ಮ ಹೆಸರಿಗೆ ಜಮಾ ಆಗಿದೆಯಾ ನೋಡಿ. ಕೆಲವರು ಹಿಡಿಯುತ್ತಾರೆ, ಕಟ್ಟೋದಿಲ್ಲ. ಜಮಾ ಆಗಿದ್ದು, ನಿಮ್ಮ ಆದಾಯ ತೆರಿಗೆಯ ಮಟ್ಟ ಮುಟ್ಟದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ.

ಬಾಕಿ ವಸೂಲಿಗೆ ಒಂದು ದಾರಿ ಇದೆ, ಬರೆಯುವವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೇವೆ ಕೊಡುವ ಸೂಕ್ಷ್ಮ ಉದ್ಯಮ ಅಂತ ನೋಂದಣಿ ಮಾಡಿಸಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ಸಾಕು, ಶುಲ್ಕವಿಲ್ಲ. ಅದಾದ ಮೇಲೆ ಮಾಡಿದ ಕೆಲಸಕ್ಕೆ, ಲಿಖಿತ ಒಪ್ಪಂದದಲ್ಲಿ ಹೆಚ್ಚು ದಿನ ಇದ್ದರೂ 45 ದಿನದೊಳಗೆ ಹಣ ಕೊಡಲೇಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋದಕ್ಕೆ ಆನ್‌ಲೈನ್ ವ್ಯವಸ್ಥೆಯೂ ಇದೆ. ನೀವು ದೂರು ಕೊಡುವ ಹಂತಕ್ಕೇ ಹೋಗಬೇಕಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಕಂಡರೆ ಅಕೌಂಟ್ಸ್‌ನವರು ಬೇಗ ಎಚ್ಚರವಾಗುತ್ತಾರೆ. ಯಾಕೆಂದರೆ ಆ ಗಡುವಿನೊಳಗೆ ಕೊಡದ ಹಣವನ್ನು, ಕೊಡುವ ತನಕ ಅವರ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲು ಆಗೋದಿಲ್ಲ. ಹಳೇ ಬಾಕಿಗೆ ಇದು ನೆರವಾಗೋದಿಲ್ಲ, ಅದಕ್ಕೆ ವಕೀಲರ ನೋಟಿಸೇ ದಾರಿ.

ಇನ್ನು ಮುಂದೆ ಫೋನ್‌ನಲ್ಲಿ ಒಪ್ಪಿದ ಪ್ರತಿ ಕೆಲಸಕ್ಕೂ ಅವತ್ತೇ ಒಂದು ಮೆಸೇಜ್ ಹಾಕಿ. ಹೀಗೆ:

‘ಸರ್, ಈಗ ಮಾತಾಡಿದ ಹಾಗೆ: ಸಂದರ್ಶನ ಲೇಖನ, 900 ಪದ, ಶುಕ್ರವಾರ ಕೊಡುತ್ತೇನೆ. ಹಣ ಇಷ್ಟು, ಪ್ರಕಟವಾದ 30 ದಿನದೊಳಗೆ. ಪ್ರಕಟವಾಗದಿದ್ದರೆ ಅರ್ಧ. ಸಂದರ್ಶನದ ವಿಡಿಯೊ ನನ್ನ ಚಾನೆಲ್‌ಗೆ ಒಂದು ವಾರದ ನಂತರ ಹಾಕಿಕೊಳ್ಳುತ್ತೇನೆ. ಸರಿ ಅಂದರೆ ಓಕೆ ಅಂತ ಹಾಕಿ.’

ಆ ಓಕೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನೀವು ಸಂಬಳದ ನೌಕರರಲ್ಲವಾದ್ದರಿಂದ, ಲಿಖಿತವಾಗಿ ಬರೆದುಕೊಡದ ಹೊರತು ಲೇಖನದ ಹಕ್ಕು ನಿಮ್ಮದೇ. ಬರೆದುಕೊಟ್ಟಿದ್ದರೂ ಅವಧಿ ನಮೂದಿಸಿಲ್ಲದಿದ್ದರೆ 5 ವರ್ಷಕ್ಕೆ ಅದು ಮುಗಿಯುತ್ತದೆ. ಸಹಿ ಹಾಕುವ ಮುಂಚೆ ‘ಶಾಶ್ವತವಾಗಿ’ ಅನ್ನೋ ಪದ ಇದೆಯಾ ಹುಡುಕಿ.

ಪ್ರಶ್ನೆ: ನಾನಿರೋದು ಪುತ್ತೂರಿನಲ್ಲಿ. ಬೆಂಗಳೂರಿಗೆ ಬರದೆ ಈ ಕೆಲಸ ಆಗೋದಿಲ್ವಾ?

ಯಾಕಾಗೋದಿಲ್ಲ? ಬೆಂಗಳೂರಿನವರು ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತಿರುತ್ತಾರೆ. ನಿಮ್ಮ ಸುತ್ತ ತುಳು ಸಿನಿಮಾ ಇದೆ, ನಾಟಕ ತಂಡಗಳಿವೆ, ಯಕ್ಷಗಾನ ಮೇಳಗಳಿವೆ. ಕರಾವಳಿಯ ನಾಟಕದಿಂದ ಬಂದವರು ಕನ್ನಡ ಸಿನಿಮಾದಲ್ಲಿ ಈಗ ಎಲ್ಲಿದ್ದಾರೆ ಅಂತ ನೋಡಿ. ಅಂಥವರ ತಂಡದಿಂದ 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಸಿನಿಮಾ ದೊಡ್ಡ ಸ್ಟಾರ್ ಪ್ರಚಾರವಿಲ್ಲದೆ, ಪೇಯ್ಡ್ ಪ್ರೀಮಿಯರ್ (ಬಿಡುಗಡೆಗೆ ಮುಂಚಿನ ಟಿಕೆಟ್ ಶೋ) ನೋಡಿದವರ ಬಾಯಿ ಮಾತಿನಿಂದಲೇ ಓಡಿತು. ಬೆಂಗಳೂರಿನ ಡೆಸ್ಕ್‌ಗಳು ಆಮೇಲೆ ಆ ತಂಡದವರ ನಂಬರ್ ಹುಡುಕುವಾಗ, ಅವರ ನಾಟಕಗಳನ್ನು ಮೊದಲಿನಿಂದ ನೋಡಿದ ಒಬ್ಬರು ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಬರೆಯುತ್ತಿದ್ದರೆ ಯಾರಿಗೆ ಫೋನ್ ಬರುತ್ತಿತ್ತು?

ಶುಕ್ರವಾರ ಬೆಳಗಿನ ಶೋಗೆ ಹೋಗಿ. ನಿಮ್ಮ ಭಾಗದ ಥಿಯೇಟರ್ ಮ್ಯಾನೇಜರ್, ಹಂಚಿಕೆದಾರರು, ಇಬ್ಬರ ಪರಿಚಯ ಮಾಡಿಕೊಳ್ಳಿ. ಶನಿವಾರ, ಭಾನುವಾರ ಎಷ್ಟು ಸೀಟು ತುಂಬಿತು ಅಂತ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ‘ಕೋಟಿ ಕಲೆಕ್ಷನ್’ ಅನ್ನೋ ಪೋಸ್ಟರ್ ಸೋಮವಾರ ಬಂದಾಗ ಹೋಲಿಸಿ ನೋಡಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ. ವರ್ಷಕ್ಕೊಮ್ಮೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಮಾತ್ರ ಬಸ್ ಹತ್ತಿ. ಆ ಒಂದು ವಾರದಲ್ಲಿ ಸಂಪಾದಕರು, ನಿರ್ದೇಶಕರು ಕ್ಯೂನಲ್ಲೇ ಸಿಗುತ್ತಾರೆ.