ಅಂಗವಿಕಲರಿಗೆ ಕೆಲಸ ಸಿಕ್ಕರೂ ಯಾಕೆ ಉಳಿಯುವುದಿಲ್ಲ?

ಯಾದಗಿರಿಯ ನಿಮ್ಮ ತಮ್ಮನಿಗೆ ಕಿವಿ ಕೇಳುವುದಿಲ್ಲ. ಎರಡು ಉದ್ಯೋಗ ಮೇಳ ಸುತ್ತಿದ ಮೇಲೆ ಒಂದು ಕಡೆ ಕೆಲಸ ಸಿಕ್ಕಿತು, ತಿಂಗಳೊಳಗೆ ಬಿಟ್ಟು ಬಂದ. ಅಂಗವಿಕಲರಿಗೆ ಕೆಲಸ ಕೊಡಿಸುವ ಸೇವೆಗಳನ್ನು ಸುಧಾರಿಸುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ಸಣ್ಣ ಸಂಸ್ಥೆಯಲ್ಲಿ ಆರು ವರ್ಷ ಇದೇ ಕೆಲಸ ಮಾಡಿದೆ. ನನಗೂ ಎಡಗಾಲಿಗೆ ಪೋಲಿಯೊ. ಕೆಲಸ ಕೇಳಿಕೊಂಡು ಅಲೆದದ್ದೂ ಗೊತ್ತು, ಬೇರೆಯವರಿಗೆ ಕೊಡಿಸಲು ಅಲೆದದ್ದೂ ಗೊತ್ತು. ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ಒಂದೇ: ಕೆಲಸಕ್ಕೆ ಸೇರಿಸಿದ ದಿನವೇ ನಮ್ಮ ಕೆಲಸ ಮುಗಿಯಿತು ಅನ್ನುವ ರೂಢಿ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ನಿಮ್ಮ ತಮ್ಮನಂಥ ಒಬ್ಬ ಹುಡುಗನನ್ನು ಒಂದು ದಾಲ್ ಮಿಲ್ಲಿಗೆ ಸೇರಿಸಿದ್ದೆ. ತೊಗರಿ ಬೇಳೆಯ ಮಿಲ್ಲು. ಮಿಷನ್ ಶುರುವಾದರೆ ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ಹಮಾಲರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಇವನಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂದುಕೊಂಡೆ. ಸಾಹುಕಾರರ ಜೊತೆ ಫೋಟೊ ತೆಗೆಸಿಕೊಂಡು, ವರದಿಯಲ್ಲಿ ಒಂದು ಸಂಖ್ಯೆ ಏರಿಸಿ ಸುಮ್ಮನಾದೆ. ಒಂಬತ್ತನೇ ದಿನ ಹುಡುಗ ಬಿಟ್ಟು ಹೋಗಿದ್ದ. ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಅವನ ತಾಯಿ ಬಂದು ಬೈದಾಗ.

ಮಿಲ್ಲಿಗೆ ಹೋಗಿ ಕೇಳಿದೆ. ಕೂಲಿಯವರ ಮೇಲ್ವಿಚಾರಕ ಮುಕದ್ದಮ್ ಹೇಳಿದ: ‘ಏನ್ ಮಾಡ್ಯಾನೋ ಏನೋ ಸರ್, ಶನಿವಾರ ಬಟವಾಡಿ ಆತು, ಸೋಮವಾರ ಬರಲೇ ಇಲ್ಲ. ರೊಕ್ಕ ಹಂಗೇ ಅದ ನೋಡ್ರಿ.’ ಡ್ರಾದಲ್ಲಿ ಚೀಟಿಯೊಳಗೆ ಮಡಚಿಟ್ಟ ದುಡ್ಡು ತೋರಿಸಿದ. ಹೊಸಬರ ಮೊದಲ ವಾರದ ಕೂಲಿ ಹಿಡಿದಿಟ್ಟು ಮುಂದಿನ ಶನಿವಾರ ಕೊಡುವುದು ಅಲ್ಲಿನ ಪದ್ಧತಿ. ಅದನ್ನು ಎಲ್ಲರಿಗೂ ಬಾಯಲ್ಲೇ ಹೇಳಿದ್ದರು. ಇವನ ಕಣ್ಣಿಗೆ ಕಂಡದ್ದು ಒಂದೇ: ಎಲ್ಲರ ಕೈಗೂ ದುಡ್ಡು ಬಂತು, ತನ್ನ ಕೈಗೆ ಬರಲಿಲ್ಲ. ನಾನಾದರೂ ಬಿಟ್ಟು ಹೋಗುತ್ತಿದ್ದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಎರಡನೇ ಶನಿವಾರಕ್ಕೆ ಒಂದು ಗುಂಡು ಸುತ್ತಿ, ಪಕ್ಕದಲ್ಲಿ ನೋಟಿನ ಚಿತ್ರ ಬರೆದಿದ್ದರೆ ಸಾಕಿತ್ತು. ಇಲ್ಲವೇ ನಾನು ಆ ಶನಿವಾರ ಸಂಜೆ ಅರ್ಧ ತಾಸು ಅಲ್ಲಿಗೆ ಹೋಗಿದ್ದರೆ ಸಾಕಿತ್ತು. ಹೋಗಲಿಲ್ಲ, ಯಾಕೆಂದರೆ ಹೋಗು ಅಂತ ಯಾರೂ ಹೇಳಿರಲಿಲ್ಲ. ಹಣ ಕೊಡುವವರು ಕೇಳುತ್ತಿದ್ದದ್ದು ಎಷ್ಟು ಜನರನ್ನು ಸೇರಿಸಿದಿರಿ ಅಂತ. ಎಷ್ಟು ಜನ ಉಳಿದರು ಅಂತ ಆರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಆರು ತಿಂಗಳಾದ ಮೇಲೂ ಕೆಲಸದಲ್ಲಿರುವವರನ್ನು ಮಾತ್ರ ಎಣಿಸುತ್ತೇವೆ ಅಂತ ಒಂದು ಸಾಲು ಬರೆಯಲಿ, ಸಂಸ್ಥೆಗಳು ತಾವಾಗಿಯೇ ಮಿಲ್ಲಿನ ದಾರಿ ಹಿಡಿಯುತ್ತವೆ.

ಇನ್ನು ಮಾಲೀಕರ ವಿಷಯ. ಇಂಥವರಿಗಾಗಿ ಕೆಲಸದ ರೀತಿ ಬದಲಾಯಿಸಲು ಆಗಲ್ಲ ಅನ್ನುತ್ತಾರೆ. ನಾನು ಅವರಿಗೆ ನಮ್ಮ ಬೇಸಿಗೆ ನೆನಪಿಸುತ್ತಿದ್ದೆ. ಏಪ್ರಿಲ್, ಮೇ ಬಂದರೆ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬೆಂಗಳೂರಿನಲ್ಲಿ ಹಾಗಿಲ್ಲ. ಬಿಸಿಲಿಗೆ ತಕ್ಕಂತೆ ಇಡೀ ಕಚೇರಿಯ ಟೈಮನ್ನೇ ಬದಲಿಸುತ್ತೇವೆ, ಅದನ್ನು ಯಾರೂ ದಯೆ ಅನ್ನುವುದಿಲ್ಲ ಅಲ್ವಾ? ಬೆನ್ನುಹುರಿಗೆ ಪೆಟ್ಟಾದವರಲ್ಲಿ ಎಷ್ಟೋ ಜನರಿಗೆ ಸರಿಯಾಗಿ ಬೆವರೇ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಅಂಥವರು ಮೇ ತಿಂಗಳ ಮಧ್ಯಾಹ್ನ ತ್ರಿಚಕ್ರ ಗಾಡಿ ತಳ್ಳಿಕೊಂಡು ಬರುವ ಬದಲು ಬೆಳಿಗ್ಗೆ ಬೇಗ ಬರಲಿ ಅನ್ನುವುದೂ ಇದೇ ಲೆಕ್ಕ. ಹೆಣ್ಣುಮಕ್ಕಳದ್ದು ಇನ್ನೊಂದು ಕತೆ. ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಿದ್ದವರನ್ನು ನೋಡಿದ್ದೇನೆ. ಅವರು ಕೆಲಸ ಬಿಟ್ಟಾಗ ಫೈಲಿನಲ್ಲಿ ಬರೆದದ್ದು ‘ಮನೆ ಸಮಸ್ಯೆ’ ಅಂತ.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಪಟ್ಟಿಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದದ್ದು 21 ಆಯಿತು, ಸರ್ಕಾರಿ ಕೆಲಸದ ಕನಿಷ್ಠ ಮೀಸಲಾತಿ ಶೇ 3ರಿಂದ ಶೇ 4ಕ್ಕೆ ಏರಿತು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಖಾಸಗಿ ಸಂಸ್ಥೆ ಕೂಡ ಸಮಾನ ಅವಕಾಶದ ನೀತಿ ಬರೆದಿಟ್ಟುಕೊಳ್ಳಬೇಕು, ಯಾವ ಕೆಲಸ ಅಂಗವಿಕಲರಿಗೆ ಆಗುತ್ತದೆ ಅಂತ ಅದರಲ್ಲಿ ಹೇಳಬೇಕು. ನಾನು ಹೋದ ಕಡೆಯಲ್ಲೆಲ್ಲ ಆ ನೀತಿ ತೋರಿಸಿ ಅಂದರೆ ಚಹಾ ತರಿಸುತ್ತಿದ್ದರು.

ಮನೆಯವರಿಗೆ ಇನ್ನೊಂದು ಭಯ ಇರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ಸಿಕ್ಕರೆ ಅಂಗವಿಕಲರ ಪಿಂಚಣಿ ಹೋದೀತು, ರೇಷನ್ ಕಾರ್ಡ್ ರದ್ದಾದೀತು. ಮೂರು ತಿಂಗಳಲ್ಲಿ ಕೆಲಸವೂ ಹೋದರೆ? ಪಿಂಚಣಿ ಮತ್ತೆ ಹತ್ತಿಸಲು ಎಷ್ಟು ಸಲ ತಹಸೀಲ್ದಾರ್ ಕಚೇರಿಗೆ ಅಲೆಯಬೇಕು ಅಂತ ಅವರಿಗೆ ಗೊತ್ತು. ಅದಕ್ಕೇ ತಾಯಂದಿರು ‘ಬ್ಯಾಡ ಬಿಡ್ರಿ’ ಅನ್ನುತ್ತಾರೆ. ಅದನ್ನು ಸೋಮಾರಿತನ ಅಂದುಕೊಂಡರೆ ತಪ್ಪು. ಕೆಲಸಕ್ಕೆ ಸೇರಿದ ಮೊದಲ ವರ್ಷ ಪಿಂಚಣಿ ಮುಟ್ಟುವುದಿಲ್ಲ ಅಂತ ಸರ್ಕಾರ ಖಾತರಿ ಕೊಟ್ಟರೆ ಅರ್ಧ ಜನ ಮನೆಯಿಂದ ಹೊರಗೆ ಬರುತ್ತಾರೆ ಅಂತ ನನ್ನ ನಂಬಿಕೆ.

ಇಷ್ಟಕ್ಕೆಲ್ಲ ಹೊಸ ಕಚೇರಿ ಬೇಕಿಲ್ಲ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಜನ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಅವರೂ ಅಂಗವಿಕಲರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಬರುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ಕಾಲವೆಲ್ಲ ಅರ್ಜಿ, ಕಾರ್ಡು, ಸಮೀಕ್ಷೆಯಲ್ಲೇ ಕಳೆಯುತ್ತದೆ, ಸಿಗುವುದು ಗೌರವಧನ ಮಾತ್ರ. ಕೆಲಸಕ್ಕೆ ಸೇರಿದವರನ್ನು ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ನೋಡಿ ಬರುವ ಹೊಣೆ ಅವರಿಗೆ ಕೊಡಿ, ಬಸ್ ಖರ್ಚು ಕೊಡಿ, ಅದಕ್ಕೆ ಬೇರೆ ಸಂಬಳವನ್ನೂ ಕೊಡಿ.

ನಿಮ್ಮ ತಮ್ಮನ ವಿಷಯಕ್ಕೆ ಬರುತ್ತೇನೆ. ಯಾಕೆ ಬಿಟ್ಟೆ ಅಂತ ಅವನನ್ನು ಸನ್ನೆ ಭಾಷೆ ಬರುವವರ ಮೂಲಕ ಒಮ್ಮೆ ಸರಿಯಾಗಿ ಕೇಳಿಸಿ, ವಿಡಿಯೊ ಕಾಲ್ ಆದರೂ ಸಾಕು. ಮನೆಯವರು ಊಹಿಸಿದ್ದು ಎಷ್ಟೋ ಸಲ ತಪ್ಪಾಗಿರುತ್ತದೆ. ಮುಂದಿನ ಸಲ ಸೇರುವಾಗ ಪಗಾರ ಯಾವತ್ತು, ಎಷ್ಟು, ಏನು ಹಿಡಿಯುತ್ತಾರೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲ ಬಟವಾಡೆಯ ದಿನ ನೀವೋ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂನೋ ಅವನ ಪಕ್ಕದಲ್ಲಿರಿ.

ಆ ಹುಡುಗ ಮತ್ತೆ ಆ ಮಿಲ್ಲಿಗೆ ಹೋಗಲಿಲ್ಲ, ಬಾಕಿ ದುಡ್ಡನ್ನು ನಾನೇ ಒಯ್ದು ಕೊಟ್ಟೆ. ಈಗ ಬೇರೊಂದು ಮಿಲ್ಲಿನಲ್ಲಿ ಕಾಟಾದ ಮೇಲೆ ಚೀಲ ತೂಗುತ್ತಾನೆ.