ಅಪ್ಪನಿಗೆ 71 ಅಂದರೆ ಫಸ್ಟ್ ಕ್ಲಾಸು

ಶಿರಸಿ ಹತ್ತಿರದ ಹಳ್ಳಿಯ ಹುಡುಗಿ. ಬಿ.ಕಾಂ ಮುಗಿಸಿ ಪೇಟೆಯಲ್ಲಿ ಲೆಕ್ಕಪತ್ರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಳೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವಳು. ಇಲ್ಲಿ ಅವಳನ್ನು ಸುಮಾ ಅನ್ನೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಸುಮಾ 2024ರ ನವೆಂಬರ್‌ನಲ್ಲಿ ಕ್ಯಾಟ್, ಅಂದರೆ ಐಐಎಂನಂಥ ಕಾಲೇಜುಗಳಲ್ಲಿ ಎಂಬಿಎ ಓದಲು ಇರುವ ಪ್ರವೇಶ ಪರೀಕ್ಷೆ, ಬರೆದಳು. ಮನಸ್ಸಿನಲ್ಲಿ ಇದ್ದದ್ದು 95ರ ಮೇಲೆ. ಡಿಸೆಂಬರ್‌ನಲ್ಲಿ ಬಂದದ್ದು 71 ಪರ್ಸೆಂಟೈಲ್. ಅದು ಅಂಕವಲ್ಲ, ಬರೆದವರಲ್ಲಿ ನೂರಕ್ಕೆ ಸುಮಾರು 71 ಜನ ಅವಳ ಹಿಂದಿದ್ದಾರೆ ಎಂಬ ಲೆಕ್ಕ. ಆಗ ಅಡಿಕೆ ಕೊಯ್ಲಿನ ಕಾಲ. ರಾತ್ರಿ ಮನೆಯಲ್ಲಿ ಅಡಿಕೆ ಸುಲಿಯಲು ಅಕ್ಕಪಕ್ಕದವರೆಲ್ಲ ಸೇರಿದ್ದರು. ಅಪ್ಪ ಖುಷಿಯಿಂದ, "ನಮ್ಮನೆ ಕೂಸಿಗೆ 71 ಬಂತು, ಫಸ್ಟ್ ಕ್ಲಾಸು" ಅಂದುಬಿಟ್ಟರು. ಎಲ್ಲರೂ ಶಾಬಾಸ್ ಅಂದರು. ಇವಳು ನಕ್ಕು ಒಳಗೆ ಹೋದಳು. ಅಲ್ಲಿಂದ ಊಟ ಕಮ್ಮಿ, ನಿದ್ದೆ ಇಲ್ಲ, ಆಫೀಸಿಗೆ ರಜೆ.

"ಬೈದಿದ್ರೆ ಅತ್ತು ಸುಮ್ನಾಗ್ತಿದ್ದೆ ಮೇಡಂ. ಹೊಗಳೋದನ್ನ ಕೇಳಕ್ಕಾಗಲ್ಲ" ಅಂದಳು. "85 ಸಾವಿರ ಜನ ನನ್ನ ಮುಂದಿದಾರೆ, ಅಪ್ಪ ಊರಿಗೆಲ್ಲ ಹೇಳ್ತಿದಾರೆ." ಲೆಕ್ಕ ಸರಿಯೇ. ಆ ವರ್ಷ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಹಾಕಿಸಿದೆ. ಉಚಿತ, ರಾತ್ರಿ ಎಷ್ಟು ಹೊತ್ತಿಗಾದರೂ ಮಾತಾಡಬಹುದು, ಕನ್ನಡದಲ್ಲೇ.

ಮುಂದಿನ ಸಲ ಸ್ಕೋರ್ ಕಾರ್ಡ್ ತರಲು ಹೇಳಿದೆ. ಇಂಗ್ಲಿಷ್ ಓದುವ ಭಾಗದಲ್ಲಿ 88, ಗಣಿತದಲ್ಲಿ 66, ನಡುವಿನ ಡಿಐಎಲ್ಆರ್‌ನಲ್ಲಿ 41. ಕೋಷ್ಟಕ, ತರ್ಕದ ಒಗಟುಗಳ ಭಾಗ ಅದು. ಒಂದೊಂದು ಭಾಗಕ್ಕೆ 40 ನಿಮಿಷ, ಮುಗಿದ ಭಾಗಕ್ಕೆ ವಾಪಸ್ ಹೋಗುವಂತಿಲ್ಲ. ಆ 40 ನಿಮಿಷ ಹೇಗೆ ಹೋಯಿತು ಹೇಳು ಅಂದೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಒಂದೇ ಒಗಟಿಗೆ (ಇವರ ಭಾಷೆಯಲ್ಲಿ 'ಸೆಟ್') ಹೋಗಿತ್ತು. ಬಿಡಲು ಮನಸ್ಸಾಗಲಿಲ್ಲವಂತೆ. ಕೊನೆಗೆ ಗಾಬರಿಯಲ್ಲಿ ಸಿಕ್ಕಸಿಕ್ಕ ಆಯ್ಕೆ ಒತ್ತಿದಳು. ಸರಿಯಿದ್ದರೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ಆಮೇಲೆ ಬಂದ ಗಣಿತದ ಮೊದಲ ಹತ್ತು ನಿಮಿಷ ಆ ಒಗಟನ್ನೇ ಯೋಚಿಸುತ್ತ ಕಳೆದಳು. ಗಣಿತ ಅವಳು ಚೆನ್ನಾಗಿ ಬಲ್ಲ ವಿಷಯ!

ಇಷ್ಟು ಹೇಳಿ ಮುಗಿಸುವಾಗ ಅವಳ ದನಿ ಬದಲಾಗಿತ್ತು. 'ನಾನು ದಡ್ಡಿ' ಎಂಬ ಮಾತಿನಿಂದ 'ಆ ಸೆಟ್ ಬಿಡಬೇಕಿತ್ತು' ಎಂಬಲ್ಲಿಗೆ ಬಂದಿದ್ದಳು. ನನ್ನ ಅರ್ಧ ಕೆಲಸ ಅದೇ. ಈ ಹಂತಕ್ಕೆ ಬರುವ ಮೊದಲೇ "ಇರ್ಲಿ ಬಿಡು, ಮುಂದಿನ ವರ್ಷ ನೋಡೋಣ" ಎನ್ನುವ ನೆಂಟರ ಸಮಾಧಾನ ನನಗೆ ಅಷ್ಟು ಸರಿ ಕಾಣುವುದಿಲ್ಲ. ಏನು ಕೆಟ್ಟಿತು ಎಂದು ನೋಡದೆ ಮುಂದಿನ ವರ್ಷಕ್ಕೆ ಹೋದರೆ ಅದೇ ಮತ್ತೆ ಕೆಡುತ್ತದೆ, ಅಲ್ವಾ?

ಕೊಟ್ಟ ಸಲಹೆಗಳಲ್ಲಿ ಅವಳಿಗೆ ಕಷ್ಟ ಅನ್ನಿಸಿದ್ದು ಅಪ್ಪನಿಗೆ ಹೇಳುವುದು. ಕ್ಷಮೆ ಕೇಳುವ ಧಾಟಿಯಲ್ಲಿ ಬೇಡ, ಲೆಕ್ಕ ವಿವರಿಸುವ ಹಾಗೆ ಹೇಳು ಅಂದೆ. "ಅಪ್ಪಾ, ಇದು ನೂರಕ್ಕೆ ಬಂದ ಮಾರ್ಕ್ಸ್ ಅಲ್ಲ. ನೂರು ಜನರಲ್ಲಿ ಸುಮಾರು 29 ಜನ ನನಗಿಂತ ಮುಂದಿದ್ದಾರೆ ಅಂತ ಅರ್ಥ. ನಾನು ಅಂದ್ಕೊಂಡ ಕಾಲೇಜಿಗೆ ಇದು ಸಾಲದು." ಇಷ್ಟೇ. ಆಯಿ (ಅಮ್ಮ) ಎದುರಿಗೇ ಹೇಳು ಎಂದೂ ಸೇರಿಸಿದೆ. ಎರಡು ಸಲ ನನ್ನ ಮುಂದೆ ಹೇಳಿ ನೋಡಿದಳು. ಮನೆಯಲ್ಲಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಖರ್ಚು ಎಷ್ಟು, ಮತ್ತೆ ಬರೀತ್ಯಾ?" ಎಂದು ಕೇಳಿದರಂತೆ. ಅವಳು ಇಷ್ಟು ದಿನ ಹೆದರಿದ್ದು ಬೇರೇನಕ್ಕೋ.

ಮತ್ತೆ ಬರೆಯುವುದೋ ಬೇಡವೋ ಎಂಬುದನ್ನು ಸರಿಯಾಗಿ ನಿದ್ದೆ ಬರುವ ತನಕ ತೀರ್ಮಾನಿಸಬೇಡ ಅಂದೆ. ಈ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಎಂಬ ಲೆಕ್ಕವೂ ಇಲ್ಲ. ಕೆಲಸ ಬಿಟ್ಟು ಓದುತ್ತೇನೆ ಅಂದಾಗ ಮಾತ್ರ ಖಡಾಖಂಡಿತವಾಗಿ ಬೇಡ ಅಂದೆ. ಅವಳ ತೊಂದರೆ ಓದುವ ಸಮಯದ್ದಲ್ಲ, ಬಿಡಲು ಬಾರದ್ದು. ವಾರದಲ್ಲಿ ಮೂರು ಸಂಜೆ ಗಡಿಯಾರ ಇಟ್ಟುಕೊಂಡು ಸೆಟ್‌ಗಳನ್ನು ಮಾಡಲಿ. ದಾರಿ ಕಾಣದ್ದನ್ನು ಐದು ನಿಮಿಷಕ್ಕೆ ಬಿಟ್ಟು ಏಳುವುದೇ ಅಭ್ಯಾಸ. ಜೊತೆಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೂ ಅರ್ಜಿ ಹಾಕಲಿ, ಎಂಬಿಎಗೆ ಅದೂ ಒಂದು ಬಾಗಿಲು.

ಇದರ ನಡುವೆ ಫೋನ್ ಕರೆಗಳು ಶುರುವಾಗಿದ್ದವು: ಕಡಿಮೆ ಸ್ಕೋರಿಗೂ ಸೀಟು, ಇವತ್ತೇ ಮುಂಗಡ ಕಟ್ಟಿ ಎಂದು. ಒಂದಕ್ಕೆ ಹಣ ಕಳಿಸಲು ತಯಾರಾಗಿದ್ದಳು. ಕಾಲೇಜಿನ ಮಾನ್ಯತೆ, ಹೋದ ವರ್ಷ ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು ಎಂಬುದನ್ನು ಬರಹದಲ್ಲಿ ಕೇಳು ಅಂದೆ. ಕೇಳಿದಳು, ಆ ಕಡೆಯಿಂದ ಮತ್ತೆ ಕರೆ ಬರಲಿಲ್ಲ.

ಈಗ ಆಫೀಸಿಗೆ ಹೋಗುತ್ತಿದ್ದಾಳೆ. ಪಿಜಿಸಿಇಟಿ ಬರೆಯುವುದು ನಿಶ್ಚಯ. ಕ್ಯಾಟ್ ಅರ್ಜಿ ತೆರೆದಾಗ ಅಪ್ಪನನ್ನೂ ಕರೆದುಕೊಂಡು ಒಮ್ಮೆ ಬಾ ಎಂದಿದ್ದೇನೆ.